ಎತ್ತರದಿಂದ ಸುರಿದ ನೀರು

ಕೊಡಕ್ಕೆ ಎತ್ತರದಿಂದ ನೀರು ಬೀಳುವಾಗ ಮೊದಲು ದೂರದಲ್ಲಿ ಗುಡುಗಿದ ಹಾಗೆ ಸದ್ದಾಗುತ್ತದೆ. ಕೊಡ ತುಂಬುತ್ತ ಬಂದಂತೆ ಆ ಸದ್ದು ಸಣ್ಣದಾಗುತ್ತ ಮೇಲೇರುತ್ತದೆ. ಕೊನೆಗೆ ಕಂಠದ ಹತ್ತಿರ ಬಂದಾಗ, ಯಾರೋ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ ಹಾಗೆ ನಿಂತುಬಿಡುತ್ತದೆ. ಮೊನ್ನೆ ಚಾಮರಾಜನಗರದ ನಮ್ಮ ಬೀದಿಯ ಕುಡಿಯುವ ನೀರಿನ ಘಟಕದಲ್ಲಿ ನೀವು ಕ್ಯಾನು ಹಿಡಿದು ಸರದಿಯಲ್ಲಿ ನಿಂತಿದ್ದಿರಿ. ನಿಮ್ಮ ಮುಂದಿದ್ದ ಹೆಂಗಸು ಸ್ಟೀಲಿನ ಕೊಡ ಇಟ್ಟಳು. ನಲ್ಲಿ ಬಹಳ ಮೇಲಿತ್ತು. ಪಕ್ಕದ ಜಗಲಿಯ ಮೇಲೆ ಕೂತಿದ್ದ ನನಗೆ ಆ ಸದ್ದು ಕೇಳಿಸಿತು. "ಅಜ್ಜಿ, ಯಾಕೆ ಕಣ್ಣು ಒರೆಸ್ಕೊಳ್ತಿದ್ದೀಯ?" ಎಂದು ಕೇಳಿದಿರಿ. ದೂಳು ಎಂದೆ. ದೂಳಲ್ಲ, ಮಕ್ಕಳೇ. ಎದುರು ಕೂತು ಹೇಳುವುದು ನನ್ನಿಂದ ಆಗದು. ನಿಮ್ಮ ತಾತ ಇದ್ದಾಗಲೂ ನಾನು ನಾಲ್ಕು ಜನರ ನಡುವೆ ಮಾತಾಡಿದವಳಲ್ಲ. ಬೇಗೂರಿನ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಕಲಿತ ಅಕ್ಷರ ಕೈಯಲ್ಲಿದೆ. ನೀವು ಅರ್ಧ ಬರೆದು ಬಿಟ್ಟ ಈ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ನಾನಿಲ್ಲದಾಗ ಓದಿದರೂ ಆಯಿತು.

ಬೇಗೂರಿನಲ್ಲಿ ನಮ್ಮಪ್ಪನ ಮನೆ ಮೈಸೂರಿನಿಂದ ಗುಂಡ್ಲುಪೇಟೆಗೆ ಹೋಗುವ ದೊಡ್ಡ ರಸ್ತೆಗೆ ಬೆನ್ನು ಹಾಕಿಕೊಂಡು ನಿಂತಿತ್ತು. ಮುಂದೆ ತೊಟ್ಟಿ, ಹಿಂದೆ ದನದ ಕೊಟ್ಟಿಗೆ, ಕೊಟ್ಟಿಗೆ ದಾಟಿದರೆ ಬಾವಿ, ಬಾವಿ ದಾಟಿದರೆ ರಸ್ತೆ. ಮನೆಯೊಳಗೆ ಯಾವಾಗಲೂ ಹುರುಳಿ ಬೆಂದ ವಾಸನೆ ಮತ್ತು ವಿಭೂತಿಯ ವಾಸನೆ ಒಂದಾಗಿ ನಿಂತಿರುತ್ತಿದ್ದವು. ಅಪ್ಪ ಹೊಲ ನೋಡಿಕೊಳ್ಳುತ್ತಿದ್ದರು, ಅವ್ವ ಒಲೆ ನೋಡಿಕೊಳ್ಳುತ್ತಿದ್ದಳು. ಅಪ್ಪನ ತಾಯಿ, ನನ್ನ ಅಜ್ಜಿ, ಅವರಿಬ್ಬರನ್ನೂ ನೋಡಿಕೊಳ್ಳುತ್ತಿದ್ದಳು. ಅಜ್ಜಿ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಆಗ ಹೊಟ್ಟೆಯಲ್ಲಿದ್ದ ಮಗಳೇ ನಮ್ಮ ಚಿನ್ನತ್ತೆ, ಅಪ್ಪನ ಒಬ್ಬಳೇ ತಂಗಿ. ಅವಳಿಗೆ ಹತ್ತೊಂಬತ್ತಿರಬೇಕು, ನನಗೆ ಎಂಟು. ಅವಳ ಸೆರಗು ಹಿಡಿದು ತಿರುಗುವುದೇ ನನ್ನ ಕೆಲಸ. ಎಣ್ಣೆ ಹಾಕಿ ಬಾಚಿದ ಅವಳ ಜಡೆಗೆ ದವನದ ವಾಸನೆ ಇತ್ತು. ಈಗಲೂ ಹೂವಿನವಳ ಬುಟ್ಟಿಯಲ್ಲಿ ದವನ ಕಂಡರೆ ನಾನು ಒಂದು ಗಳಿಗೆ ನಿಲ್ಲುತ್ತೇನೆ.

ಬಾವಿಯ ಆಚೆ, ರಸ್ತೆಯ ಅಂಚಿನ ನಮ್ಮದೇ ಜಾಗದಲ್ಲಿ ಔಸೇಪ್ ಎನ್ನುವವರು ಗರಿಯ ಚಪ್ಪರ ಹಾಕಿ ಟೀ ಅಂಗಡಿ ಇಟ್ಟಿದ್ದರು. ಕಾಡಿನ ಆಚೆ ಬತ್ತೇರಿ ಕಡೆಯ ಮಲಯಾಳಿಗಳು, ಏಸುವಿನ ಒಕ್ಕಲು. ಊರೆಲ್ಲ ಅವರನ್ನು ಚೇಟ, ಎಂದರೆ ಅಣ್ಣ, ಎಂದು ಕರೆಯುತ್ತಿತ್ತು. ಅವರ ಮಗ ಕುರಿಯನ್. ಅಜ್ಜಿಯ ನಾಲಿಗೆಗೆ ಅವನು ಕುರಿಯಪ್ಪ ಆಗಿದ್ದ. "ಓಗ್ಲಾ ಕುರಿಯಪ್ಪ, ನಿನ್ನ ಮಂದೆ ಟೀಗೆ ಕಾಯ್ತಾ ಕುಂತದೆ" ಎಂದು ರೇಗಿಸುತ್ತಿದ್ದಳು. ಅಂಗಡಿಗೆ ನೀರು ನಮ್ಮ ಬಾವಿಯದೇ. ಆದರೆ ಅವರು ಹಗ್ಗ ಮುಟ್ಟುವ ಹಾಗಿರಲಿಲ್ಲ. ಮನೆಯವರು ಯಾರಾದರೂ ಸೇದಿ, ಎತ್ತರದಿಂದ ಅವರ ಕೊಡಕ್ಕೆ ಸುರಿಯಬೇಕು. ಕೊಡಕ್ಕೆ ಕೊಡ ತಾಗಬಾರದು. ಅವರ ಕೈಯ ಟೀ ಕುಡಿಯುವ ಊರಿಗೆ ಅವರ ಕೈ ತಾಗಿದ ಹಗ್ಗ ಆಗುತ್ತಿರಲಿಲ್ಲ. ಇದನ್ನು ಯಾರೂ ವಿಚಿತ್ರ ಎಂದುಕೊಂಡಿರಲಿಲ್ಲ. ನಾನೂ ಅಂದುಕೊಂಡಿರಲಿಲ್ಲ.

ಬೆಳಿಗ್ಗೆ ಬೆಳಿಗ್ಗೆ ನೀರು ಸುರಿಯುವ ಕೆಲಸ ಚಿನ್ನತ್ತೆಯದು. ಮೊದಮೊದಲು ಕುರಿಯನ್ ಕೊಡವನ್ನು ನೆಲದ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದ. ಆಮೇಲೆ ಕೊಡವನ್ನು ಮಂಡಿಯ ಮೇಲಿಟ್ಟುಕೊಂಡ. ಇನ್ನಷ್ಟು ದಿನ ಕಳೆದ ಮೇಲೆ ಸೊಂಟಕ್ಕೆ ಎತ್ತಿಕೊಂಡ. ಅವಳ ಕೊಡಕ್ಕೂ ಅವನ ಕೊಡಕ್ಕೂ ನಡುವಿನ ನೀರಿನ ಎಳೆ ಗಿಡ್ಡವಾಗುತ್ತ ಬಂತು. ಹಗ್ಗದ ತುದಿ ಹಿಡಿದುಕೊಂಡು ನಿಂತಿರುತ್ತಿದ್ದ ನನಗೆ ಅದು ಕಾಣುತ್ತಿತ್ತು, ಅರ್ಥ ಆಗುತ್ತಿರಲಿಲ್ಲ. "ಚಿನ್ನಮ್ಮ, ಸ್ವಲ್ಪ ಮೇಲಿಂದ ಹಾಕು, ಮಳೆ ಅಂತ ತಿಳ್ಕೊಳ್ತೇನೆ" ಎಂದು ಅವನು ಒಮ್ಮೆ ಹೇಳಿದ. "ಮಳೆ ಬೇಕಾದ್ರೆ ನಿಮ್ಮೂರ್ಗೆ ಓಗು. ಇಲ್ಲಿ ಬಿಸ್ಲು ಮಾತ್ರ ಸಿಕ್ತದೆ" ಎಂದಳು ಅತ್ತೆ, ಮುಖ ತಿರುಗಿಸಿಕೊಂಡು. ಅವಳ ಕಿವಿ ಕೆಂಪಾಗಿತ್ತು.

ಎರಡು ವರ್ಷದ ಮೇಲೆ ಅವನು ಮಿಲಿಟರಿಗೆ ಸೇರಿದ. ಹೊರಡುವ ದಿನ ಕೊಡ ತರಲಿಲ್ಲ. ಬೊಗಸೆ ಒಡ್ಡಿ ನಿಂತ. ಅತ್ತೆ ಸುರಿದಳು, ಅವನು ಕುಡಿದ, ಗಡ್ಡದಿಂದ ನೀರು ಒರೆಸಿಕೊಂಡ. "ಬಂದು ಕೇಳ್ತೇನೆ. ಯಾರನ್ನ ಕೇಳ್ಬೇಕೋ ಅವರನ್ನೇ ಕೇಳ್ತೇನೆ" ಎಂದ. ಅತ್ತೆ ಖಾಲಿಯಾದ ಕೊಡವನ್ನು ಹಾಗೇ ಬಗ್ಗಿಸಿ ಹಿಡಿದುಕೊಂಡೇ ನಿಂತಿದ್ದಳು.

ಬಾಂಗ್ಲಾ ಯುದ್ಧ ಶುರುವಾದಾಗ ರಾಗಿ ಕಟಾವಿನ ಕಾಲ. ನಮ್ಮ ಕಡೆ ಗುಂಡೇನೂ ಬೀಳಲಿಲ್ಲ, ಆದರೆ ಯುದ್ಧ ರಸ್ತೆಯ ಮೇಲೆ ಹಾದುಹೋಗುತ್ತಿತ್ತು. ಊಟಿ ಕಡೆಯಿಂದ ಹಸಿರು ಲಾರಿಗಳು ಸಾಲಾಗಿ ಇಳಿದು ಬರುವವು. ಕೊಟ್ಟಿಗೆ ಕಂಬಗಳು ನಡುಗುವವು, ದನಗಳು ಕಿವಿ ನೆಟ್ಟಗೆ ಮಾಡುವವು. ಸಗಣಿ ಬಾಚುತ್ತಿದ್ದ ಚಿನ್ನತ್ತೆ ಹಾಗೇ ತಲೆ ಎತ್ತಿ, ಕೊನೆಯ ಲಾರಿ ಮರೆಯಾಗುವವರೆಗೆ ನೋಡಿ, ಮತ್ತೆ ಬಗ್ಗುವಳು. ಸಂಜೆ ಚೇಟನ ಅಂಗಡಿಯ ರೇಡಿಯೋ ಸುತ್ತ ಊರೇ ಸೇರುತ್ತಿತ್ತು. ಅಪ್ಪ ಕೂಡ ಹೋಗಿ ದೂರದ ಕಲ್ಲಿನ ಮೇಲೆ ಕೂರುವರು. ಅತ್ತೆ ನನ್ನನ್ನು ಕಳಿಸುವಳು. "ಕಾಗ್ದ ಗೀಗ್ದ ಬಂತಾ ಅಂತ ಕೇಳಕ್ಕೆ ಓಗ್ಬೇಡ. ಚೇಟನ ಮೊಕ ನೋಡ್ಕಂಡು ಬಾ, ಸಾಕು" ಎನ್ನುವಳು. ನಾನು ನೋಡಿಕೊಂಡು ಬಂದು ಹೇಳುತ್ತಿದ್ದೆ: ಟೀ ಸೋಸುತ್ತಿದ್ದರು, ನಕ್ಕರು, ನನಗೆ ಒಂದು ಬಿಸ್ಕತ್ತು ಕೊಟ್ಟರು. ಆ ಬಿಸ್ಕತ್ತನ್ನು ಅತ್ತೆ ಮುರಿದು ಅರ್ಧ ತಾನು ತಿನ್ನುತ್ತಿದ್ದಳು.

ಅದೇ ದಿನಗಳಲ್ಲಿ ಅಪ್ಪ ಉಮ್ಮತ್ತೂರಿನ ಕಡೆ ಗಂಡು ಗೊತ್ತು ಮಾಡಿದರು. ಒಳ್ಳೆಯ ಮನೆತನ, ನೀರಾವರಿ ಜಮೀನು. ನಮ್ಮ ಮನೆಯಲ್ಲಿ ಇಂಥದ್ದಕ್ಕೆ ಹೆಣ್ಣುಮಕ್ಕಳು ಮಾತಾಡುವ ರೂಢಿ ಇರಲಿಲ್ಲ. ಗಂಡಿನ ಕಡೆಯವರು ವೀಳ್ಯ ಬದಲಾಯಿಸಲು ಬರುವ ಹಿಂದಿನ ದಿನ ಬಳೆಗಾರ ಬಂದ. ಅವಳ ಕೈಯನ್ನು ಹಿಂಡಿ ಹಿಂಡಿ ಒಂದೊಂದು ಕೈಗೂ ಒಂಬತ್ತು ಹಸಿರು ಬಳೆ ಏರಿಸಿದ. "ಕೈ ಯಾಕೆ ಇಂಗೆ ಬಿಗಿ ಮಾಡ್ತೀಯವ್ವ, ಮದುವಣಗಿತ್ತಿ ಕೈ ಬೆಣ್ಣೆ ಇದ್ದಂಗಿರ್ಬೇಕು" ಎಂದ. ಎಲ್ಲರೂ ನಕ್ಕರು, ಅತ್ತೆಯನ್ನು ಬಿಟ್ಟು.

ಮರುದಿನ ಬೆಳಿಗ್ಗೆ ಚೇಟನಿಗೆ ತಂತಿ ಬಂತು. ಶಾಲೆಯ ಮೇಷ್ಟ್ರು ಓದಿದರು. ಕುರಿಯನ್ ಕಾಣೆಯಾಗಿದ್ದಾನೆ ಎಂದಿತ್ತು. "ಲಡಾಯಿನಲ್ಲಿ ಕಾಣೆ ಅಂದ್ರೆ ಇನ್ನೇನ್ಲಾ, ಸತ್ತ ಅಂತ್ಲೇಯ" ಎಂದು ಯಾರೋ ಅಂದರು. ಚೇಟ ಒಲೆಗೆ ನೀರು ಹೊಯ್ದರು. ಆ ಹಬೆಯಲ್ಲಿ ಅವರ ಮುಖ ಕಾಣಲಿಲ್ಲ. ನಾನು ಓಡಿದೆ. ಬಾವಿಯ ಹತ್ತಿರ ನೆಂಟರ ಅಡುಗೆಗೆಂದು ನಾಲ್ಕೈದು ಹೆಂಗಸರು ನೀರು ಸೇದುತ್ತಿದ್ದರು, ನಡುವೆ ಅತ್ತೆ ಇದ್ದಳು. "ಅತ್ತೇ, ಕುರಿಯಣ್ಣ ಸತ್ತೋದ್ನಂತೆ" ಎಂದು ಎಲ್ಲರೆದುರು ಕೂಗಿಬಿಟ್ಟೆ. ಕಾಣೆ ಎನ್ನುವ ಮಾತನ್ನು ನಾನು ಹೇಳಲೇ ಇಲ್ಲ. ಅತ್ತೆ ಅಳಲಿಲ್ಲ. ಹಗ್ಗವನ್ನು ಗೂಟಕ್ಕೆ ಸುತ್ತಿದಳು. ಬಾವಿಯ ಕಟ್ಟೆಯ ಮೇಲೆ ಎರಡೂ ಕೈಗಳನ್ನು ಚಾಚಿ, ಮೊದಲು ಬಲಗೈ, ಆಮೇಲೆ ಎಡಗೈ, ಕಲ್ಲಿಗೆ ಬಡಿದಳು. ಹಸಿರು ಚೂರುಗಳು ನೀರಿಗೆ ಬಿದ್ದ ಸದ್ದು ಸ್ವಲ್ಪ ತಡವಾಗಿ ಕೆಳಗಿನಿಂದ ಬಂತು. ಮಣಿಕಟ್ಟಿನ ರಕ್ತದಿಂದಲೇ ಹಣೆಯ ಕುಂಕುಮ ಒರೆಸಿಕೊಂಡಳು.

ಮದುವೆಯಾಗದ ಹುಡುಗಿ ಬಳೆ ಒಡೆದುಕೊಂಡಿದ್ದನ್ನು ನಮ್ಮೂರು ಅಲ್ಲಿಯವರೆಗೆ ನೋಡಿರಲಿಲ್ಲ. ಉಮ್ಮತ್ತೂರಿನವರು ಬಸ್‌ಸ್ಟ್ಯಾಂಡಿನಿಂದಲೇ ವಾಪಸು ಹೋದರು. ಅಪ್ಪ ಅವಳನ್ನು ಹೊಡೆದ ಸದ್ದು ಕೇಳದಿರಲೆಂದು ಅವ್ವ ನನ್ನ ಕಿವಿ ಮುಚ್ಚಿದ್ದಳು. ಸಂಜೆ ಅರಳಿಕಟ್ಟೆಯಲ್ಲಿ ನ್ಯಾಯ ಸೇರಿತು. ನಮ್ಮ ಮನೆಗೆ ಬೆಂಕಿ-ನೀರು ನಿಲ್ಲಿಸಿ ಹೊರಗೆ ಹಾಕುತ್ತಾರೆ ಎಂದು ಎಲ್ಲರೂ ಕಾದಿದ್ದರು. ಊರ ಯಜಮಾನ ಮಲ್ಲಪ್ಪ ಅಪ್ಪನಿಗೆ ಬೇಕಾದವನು, ಮನೆ ಉಳಿಸಲು ಒಂದು ದಾರಿ ಹುಡುಕಿದ. "ಯಾರ ಎಸ್ರಲ್ಲಿ ಬಳೆ ಒಡ್ಕಂಡ್ಳೊ ಅವ್ನೇ ಅವ್ಳ ಗಂಡ. ಅವ್ನು ಸತ್ತವ್ನೆ. ಇವ್ಳು ಇನ್ಮ್ಯಾಕೆ ಮುಂಡೆ ಅಂತ ಲೆಕ್ಕ. ಮನೆ ಮೂಲೇಲಿ ಇದ್ಕಳ್ಳಿ. ಅಷ್ಟೇಯ" ಎಂದ. ಅವನ ಜಾತಿ ಬೇರೆಯಲ್ಲವೇ ಎಂದು ಒಬ್ಬರು ಮಾತು ತೆಗೆದರು. "ಸತ್ತೋನ್ಗೆ ಯಾವ ಜಾತಿ, ಬುಡ್ರಲಾ" ಎಂದು ಮಲ್ಲಪ್ಪ ಎದ್ದುಬಿಟ್ಟ. ಜಾಣತನದ ನ್ಯಾಯ ಎಂದು ಊರು ಹೊಗಳಿತು.

ಹೀಗೆ ತಾಳಿಯನ್ನೇ ಕಾಣದ ಚಿನ್ನತ್ತೆ ವಿಧವೆಯಾದಳು. ಅಜ್ಜಿಯ ಚಾಪೆಯ ಪಕ್ಕಕ್ಕೆ ಅವಳ ಚಾಪೆ ಬಂತು. ಬೆಳಿಗ್ಗೆ ಎದ್ದು ಹೊರಗೆ ಹೋಗುವವರಿಗೆ ಎದುರಾಗಬಾರದೆಂದು ಕೊಟ್ಟಿಗೆಯಲ್ಲಿ ಕಾದು ನಿಲ್ಲುತ್ತಿದ್ದಳು. ನನ್ನ ತಲೆ ಬಾಚಿ ಹೂ ಮುಡಿಸುವ ಹೊತ್ತಿಗೆ ಅವ್ವನನ್ನು ಕರೆಯುತ್ತಿದ್ದಳು, ತಾನು ಹೂ ಮುಟ್ಟುತ್ತಿರಲಿಲ್ಲ. ಯುದ್ಧ ಮುಗಿಯಿತು, ಗೆದ್ದೆವು ಎಂದು ಶಾಲೆಯಲ್ಲಿ ಪೆಪ್ಪರಮೆಂಟು ಹಂಚಿದರು. ಚೇಟ ಅಂಗಡಿ ಮುಚ್ಚಿ ಕಾಡು ದಾಟಿ ಹೋದರು. ಗರಿಗಳು ಒಂದೊಂದೇ ಗಾಳಿಗೆ ಹಾರಿ ಹೋದವು.

ಬೇಸಿಗೆ ಶುರುವಾಗಿತ್ತು. ಮಧ್ಯಾಹ್ನ ಅತ್ತೆ ನೀರು ಸೇದುತ್ತಿದ್ದಳು, ನಾನು ಎಂದಿನಂತೆ ಹಗ್ಗದ ತುದಿಯಲ್ಲಿದ್ದೆ. ಮೈಸೂರು ಕಡೆಯ ಬಸ್ಸಿನಿಂದ ಒಬ್ಬ ಇಳಿದ. ಕೈಯಲ್ಲಿ ಕೋಲು, ಒಂದು ಕಾಲು ಎಳೆಯುತ್ತಿದ್ದ, ಮೈ ಅರ್ಧಕ್ಕೆ ಇಳಿದಿತ್ತು. ಬಿದ್ದುಹೋದ ಚಪ್ಪರವನ್ನು ನೋಡಿ, ಬಾವಿಯ ಕಡೆ ತಿರುಗಿದ. ಹೊಳೆ ದಾಟುವಾಗ ಏಟು ತಿಂದು, ಯಾವುದೋ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ತನ್ನ ಹೆಸರೂ ಹೇಳಲಾಗದೆ ಮಲಗಿದ್ದನಂತೆ. ಅದೆಲ್ಲ ನಮಗೆ ಆಮೇಲೆ ತಿಳಿದದ್ದು. ಆಗ ತಿಳಿದದ್ದು ಒಂದೇ: ಕುರಿಯಣ್ಣ ಬದುಕಿದ್ದಾನೆ. "ಚಿನ್ನಮ್ಮ" ಎಂದ. ಅತ್ತೆಯ ಕೈಯಿಂದ ಕೊಡ ಬೀಳಲಿಲ್ಲ. ಇನ್ನೂ ಬಿಗಿಯಾಗಿ ಸೊಂಟಕ್ಕೆ ಅವುಚಿಕೊಂಡಳು. ಅವನು ಅವಳ ಬರಿಗೈ ನೋಡಿದ, ಬರಿ ಹಣೆ ನೋಡಿದ. ಅವನ ಮುಖದ ಬಣ್ಣ ಹೋಯಿತು.

"ಕಲ್ಯಾಣ ಆಯ್ತಾ?" ಎಂದ.

"ಆಯ್ತು."

"ಯಾರು... ಯಾರು ಸತ್ತುಹೋಯ್ತು?"

"ನೀನೇ" ಎಂದಳು ಅತ್ತೆ.

ಅವನು ಕೋಲು ಬಿಟ್ಟು ನೆಲದ ಮೇಲೆ ಕೂತುಬಿಟ್ಟ. ಅಷ್ಟರಲ್ಲಿ ಸುದ್ದಿ ಹೊಲ ಮುಟ್ಟಿತ್ತು. ಅಪ್ಪ ಸೊಪ್ಪು ಕಡಿಯುವ ಮಚ್ಚು ಹಿಡಿದೇ ಓಡಿ ಬಂದರು. ನಮ್ಮಪ್ಪನ ಆ ಮುಖವನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಕುರಿಯನ್‌ಗೆ ಓಡಲು ಕಾಲಿರಲಿಲ್ಲ. ಅತ್ತೆ ಅವನ ಮುಂದೆ ಬಂದು ನಿಂತಳು. ಅತ್ತೆಯ ಮುಂದೆ, ಎಲ್ಲಿಂದ ಬಂದಳೋ, ಅಜ್ಜಿ ಬಂದು ನೆಲದ ಮೇಲೆ ಕಾಲು ನೀಡಿ ಕೂತುಬಿಟ್ಟಳು. "ನನ್ನ ದಾಟ್ಕಂಡು ಓಗು" ಎಂದಳು. ಹೆತ್ತವಳನ್ನು ದಾಟುವುದು ಅಪ್ಪನಿಂದ ಆಗಲಿಲ್ಲ. ಊರು ಸೇರಿತು. ಮಲ್ಲಪ್ಪ ಬಂದ. ಕುರಿಯನ್‌ನನ್ನು ಊರು ದಾಟಿಸಿ ಬಿಟ್ಟು ಬರುವುದೋ, ಇಲ್ಲೇ ಮುಗಿಸುವುದೋ ಎಂದು ಗಂಡಸರು ಗೊಣಗಾಡುತ್ತಿದ್ದರು. ಅಜ್ಜಿ ಕೂತಲ್ಲಿಂದಲೇ ಮಾತಾಡಿದಳು. ಅಷ್ಟು ಜನರ ಮುಂದೆ ಅವಳ ದನಿ ಕೇಳಿದ್ದು ಅದೇ ಮೊದಲು.

"ಮಲ್ಲಪ್ಪ, ನಿನ್ನ ನ್ಯಾಯ ನಿಂಗೇ ಮರ್ತೋಯ್ತಾ? ಯಾರ ಎಸ್ರಲ್ಲಿ ಬಳೆ ಒಡ್ಕಂಡ್ಳೊ ಅವ್ನೇ ಗಂಡ ಅಂದೋನು ನೀನು. ಸತ್ತಾಗ ಗಂಡ ಆಗಿದ್ದೋನು ಬದುಕ್ಬಂದಾಗ ಎಂಗೆ ಅಲ್ದೋದ?"

"ಅವ್ನ ಜಾತಿ ಯಾವ್ದು ಅಂತ ಗೊತ್ತಿಲ್ವಾ ನಿಂಗೆ?"

"ಸತ್ತೋನ್ಗೆ ಯಾವ ಜಾತಿ ಅಂದೋನೂ ನೀನೇ ಕಣಪ್ಪ. ಅವ್ನ ಜಾತೀನ ಆವತ್ತೇ ಊತಾಕ್ಬುಟ್ಟೆ ನೀನು."

ಯಾರೋ ಕಿಸಕ್ಕನೆ ನಕ್ಕು ಕೆಮ್ಮಿದರು. ಅಜ್ಜಿ ಬಿಡಲಿಲ್ಲ. "ಅವ್ನು ಗಂಡ ಅಲ್ಲ ಅನ್ನದಾದ್ರೆ ನನ್ನ ಮಗ್ಳು ಮುಂಡೆ ಅಲ್ಲ. ಈಗ್ಲೇ ಬಳೆ ತೊಡ್ಸಿ, ಉಮ್ಮತ್ತೂರ ಗಂಡ್ನ ಕರ್ಕಬಾ. ಮುಂಡೆ ಅನ್ನದಾದ್ರೆ ಮುಂಡೆಗೆ ಕೂಡಾವಳಿ ಉಂಟು. ನಿಮ್ಮವ್ವಂಗೂ ಆಗಿತ್ತು, ನಾನೇ ಮುಂದೆ ನಿಂತಿದ್ದೆ. ಎರಡ್ರಲ್ಲಿ ಒಂದು ಏಳು, ಕೇಳ್ತೀನಿ."

ಕೂಡಾವಳಿ ಎಂದರೆ ನಿಮಗೆ ಗೊತ್ತಿರಲಾರದು. ಗಂಡ ಸತ್ತವಳಿಗೆ ಸೀರೆ ಉಡಿಸಿ ಇನ್ನೊಬ್ಬನ ಜೊತೆ ಕಳಿಸುವುದು. ಅದಕ್ಕೆ ಚಪ್ಪರ ಇಲ್ಲ, ಓಲಗ ಇಲ್ಲ, ಐನೋರು ಬರುವುದಿಲ್ಲ. ಮುತ್ತೈದೆಯರು ಕಣ್ಣಿಂದ ನೋಡುವ ಹಾಗೂ ಇಲ್ಲ, ವಿಧವೆಯರೇ ನಿಂತು ಮಾಡುವುದು. ನಮ್ಮ ಕಡೆಯ ಒಕ್ಕಲು ಮನೆಗಳಲ್ಲಿ ಮೊದಲಿಂದ ನಡೆದು ಬಂದದ್ದು, ಆದರೆ ನಮ್ಮ ನಮ್ಮೊಳಗೆ. ಬೇರೆಯವನಿಗೆ ಎಂದು ಯಾರೂ ಕೇಳಿರಲಿಲ್ಲ, ಹಾಗಾಗಿ ಕೂಡದು ಎಂದೂ ಯಾರೂ ಹೇಳಿರಲಿಲ್ಲ. ಮಲ್ಲಪ್ಪ ಬಾವಿಯೊಳಗೆ ಬಗ್ಗಿ ನೋಡಿದ. ತನ್ನ ಬಾಯಿಂದ ಬಂದ ನ್ಯಾಯವನ್ನು ನುಂಗಿದರೆ ನಾಳೆಯಿಂದ ಅವನ ಮಾತು ಯಾರಿಗೂ ಬೇಡ. ಕೊನೆಗೆ, "ಆಗ್ಲಿ. ಇವತ್ತೇ ಓಗ್ಬೇಕು. ಇನ್ಮ್ಯಾಕೆ ಅವ್ಳು ಅವ್ನ ಜಾತಿ. ನಿಮ್ಮ ಹೊಸ್ತಿಲು ತುಳೀಬಾರ್ದು, ನಿಮ್ಮ ಹಗ್ಗ ಮುಟ್ಬಾರ್ದು" ಎಂದ. ಮಚ್ಚನ್ನು ಅಪ್ಪ ಅಲ್ಲೇ ಬಿಸಾಕಿ ಹೊಲದ ಕಡೆ ನಡೆದುಬಿಟ್ಟರು. ಅಜ್ಜಿ ಒಂದು ಗಳಿಗೆ ಕಣ್ಣು ಮುಚ್ಚಿದಳು. ಮಗಳು ಬದುಕಬೇಕೋ ಕಣ್ಣೆದುರು ಇರಬೇಕೋ ಎಂದು ಅವಳನ್ನು ಕೇಳಿದ ಹಾಗಾಗಿತ್ತು. "ಆಗ್ಲಿ" ಎಂದಳು.

ದೀಪ ಹಚ್ಚುವ ಮೊದಲು ಕೊಟ್ಟಿಗೆಯಲ್ಲೇ ಕೂಡಾವಳಿ ಆಯಿತು. ಅಜ್ಜಿ ತನ್ನ ಪೆಟ್ಟಿಗೆಯ ತಳದಿಂದ, ಇಪ್ಪತ್ತಕ್ಕೂ ಹೆಚ್ಚು ವರ್ಷ ಉಡದ ಕೆಂಪು ಕೊಳ್ಳೇಗಾಲದ ಸೀರೆ ತೆಗೆದಳು. ಅದರಿಂದ ಒಣ ಬೇವಿನ ಎಲೆಗಳು ಉದುರಿದವು. ಅವಳ ಜೊತೆ ಊರಿನ ಇನ್ನಿಬ್ಬರು ಮುದಿ ವಿಧವೆಯರು ಇದ್ದರು. ಬಳೆ ಇರಲಿಲ್ಲ. ಬಳೆಗಾರ ಬರುವುದಿಲ್ಲ ಎಂದಿದ್ದ. ಅವ್ವ ಮುತ್ತೈದೆ, ಅಡುಗೆಮನೆಯ ಬಾಗಿಲು ಹಾಕಿಕೊಂಡು ಒಳಗಿದ್ದಳು. ಸ್ವಲ್ಪ ಹೊತ್ತಿಗೆ ಬಾಗಿಲು ಒಂದು ಗೇಣು ತೆರೆಯಿತು. ಅವ್ವನ ಕೈ ಹೊರಗೆ ಬಂತು. ಎರಡು ಕೈಗೂ ಎರಡೆರಡು ಬಳೆ ಮಾತ್ರ ಉಳಿಸಿಕೊಂಡು, ಮಿಕ್ಕ ಹಸಿರು ಬಳೆಗಳನ್ನೆಲ್ಲ ಬಿಚ್ಚಿ ನನ್ನ ಲಂಗದ ಮಡಿಲಿಗೆ ಹಾಕಿದಳು. ಸೋಪಿನ ನೀರಿನಿಂದ ಇನ್ನೂ ಒದ್ದೆಯಾಗಿದ್ದವು. ಒಂದೂ ಒಡೆಯದ ಹಾಗೆ ನಾನು ಅವನ್ನು ಕೊಟ್ಟಿಗೆಗೆ ಒಯ್ದೆ. ಅಜ್ಜಿ ತನ್ನ ಬೋಳುಗೈಯಿಂದ ಮಗಳಿಗೆ ತೊಡಿಸಿದಳು. ಬತ್ತೇರಿ ಕಡೆಯ ಬಸ್ಸು ಬಂದಾಗ ಅತ್ತೆ ಹತ್ತಿದಳು. ಅಜ್ಜಿ ಬಸ್ಸಿನ ಕಡೆ ನೋಡದೆ ನೀರು ಸೇದುತ್ತಲೇ ಇದ್ದಳು. ತುಂಬಿದ ಕೊಡಕ್ಕೇ ಮತ್ತೆ ಸುರಿಯುತ್ತಿದ್ದಳು.

ಆಮೇಲೆ ಎರಡು ಕಾಗದ ಬಂದವು. ಅಲ್ಲಿಯೂ ಬಹಳ ದಿನ ಅವಳನ್ನು ಒಳಗೆ ಕರೆಯಲಿಲ್ಲವಂತೆ, ಆಮೇಲೆ ಕರೆದರಂತೆ. ಆ ಜನರಲ್ಲೂ ಚಿನ್ನಮ್ಮ ಎನ್ನುವ ಹೆಸರಿದೆಯಂತೆ. ಹೆಸರಾದರೂ ಉಳಿಯಿತು ಎಂದು ಅವ್ವ ಹೇಳಿದಳು. ಅಜ್ಜಿ ಮಗಳ ಮಾತೆತ್ತುತ್ತಿರಲಿಲ್ಲ. ಕೇರಳದಿಂದ ಬರುವ ಸಂಜೆಯ ಬಸ್ಸು ಹಾರನ್ ಹಾಕಿದರೆ ಮಾತ್ರ, ಏನೇ ಕೆಲಸದಲ್ಲಿದ್ದರೂ ಎದ್ದು ಒಮ್ಮೆ ಕೊಟ್ಟಿಗೆಯವರೆಗೆ ಹೋಗಿ ಬರುತ್ತಿದ್ದಳು.

ಅಜ್ಜಿ ತೀರಿಕೊಂಡಾಗ ನನಗೆ ಹದಿನಾರು. ನಿಮ್ಮ ತಾತನ ಜೊತೆ ಮದುವೆಯ ಮಾತುಕತೆ ಮುಗಿದು, ಅವರ ಕಡೆಯ ಹೆಂಗಸರೂ ಸಾವಿಗೆ ಬಂದಿದ್ದರು. ಅಜ್ಜಿಯನ್ನು ನಮ್ಮ ಹೊಲದಲ್ಲೇ, ಕೂತ ಹಾಗೆ, ಮಣ್ಣು ಮಾಡಿ ಬಂದ ಮೇಲೆ ಮಧ್ಯಾಹ್ನದ ಬಸ್ಸಿಗೆ ಚಿನ್ನತ್ತೆ ಬಂದಳು. ಕೈಯಲ್ಲಿ ನಾಲ್ಕು ವರ್ಷದ ಮಗಳು. ಬಾವಿಯ ಆಚೆ, ಚೇಟನ ಚಪ್ಪರ ಇದ್ದ ಜಾಗದಲ್ಲೇ ನಿಂತಳು. ಅಪ್ಪ ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ನಾನು ಕೊಡ ಹಿಡಿದು ಬಾವಿಯ ಹತ್ತಿರ ಹೋದೆ. "ಎಷ್ಟು ಬೆಳ್ದುಬುಟ್ಟೆ ಕಣಮ್ಮಿ" ಎಂದಳು. "ಬಾಯಾರ್ತದೆ, ವಸಿ ನೀರು ಕೊಡು." ನನ್ನ ಕೊಡದ ಮೇಲೆ ಚೊಂಬಿತ್ತು. ಅದನ್ನು ತುಂಬಿ ಅವಳ ಕೈಗೆ ಕೊಡಬಹುದಿತ್ತು. ಹಿಂದೆ ಜಗಲಿಯ ಮೇಲೆ ನಮ್ಮೂರಿನ ಹೆಂಗಸರು, ನನ್ನನ್ನು ಸೊಸೆಯಾಗಿ ಒಪ್ಪಿದ್ದ ಮನೆಯ ಹೆಂಗಸರು, ಎಲ್ಲರೂ ನೋಡುತ್ತಿದ್ದರು. ಅವರ ಕಣ್ಣು ನನ್ನ ಬೆನ್ನಿಗೆ ಸೂಜಿಯ ಹಾಗೆ ತಾಗುತ್ತಿತ್ತು. ನಾನು ಕೊಡವನ್ನು ಎತ್ತರಕ್ಕೆ ಎತ್ತಿದೆ.

ಚಿನ್ನತ್ತೆ ನನ್ನ ಮುಖ ನೋಡಿದಳು. ಆಮೇಲೆ ಬಗ್ಗಿ ಬೊಗಸೆ ಒಡ್ಡಿದಳು. ಹಸಿರು ಬಳೆಗಳು ಮೊಣಕೈಗೆ ಜಾರಿದವು. ಬಗ್ಗಿದ ಕೊರಳಲ್ಲಿ ನಮ್ಮೆಲ್ಲರ ಕೊರಳಲ್ಲಿದ್ದ ಹಾಗೆಯೇ ಲಿಂಗದ ಶಿವದಾರ ಇತ್ತು, ಬಿಚ್ಚಿರಲಿಲ್ಲ. ಅವಳು ಕುಡಿದಳು, ಮಗಳಿಗೂ ಬೊಗಸೆ ಹಿಡಿಯುವುದು ಹೇಗೆಂದು ತೋರಿಸಿ ಕುಡಿಸಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು, "ಚೆನ್ನಾಗಿ ಸುರೀತೀಯ ಕಣಮ್ಮಿ. ಒಂದು ಅನಿ ಸಿಡೀಲಿಲ್ಲ" ಎಂದಳು. ಕೊಂಕು ಇರಲಿಲ್ಲ ಅವಳ ದನಿಯಲ್ಲಿ. ಸಣ್ಣವಳಿದ್ದಾಗ ನಾನು ಅಕ್ಷರ ತಿದ್ದಿ ತೋರಿಸಿದರೆ ಹೇಗೆ ಮೆಚ್ಚುತ್ತಿದ್ದಳೋ ಹಾಗೇ ಇತ್ತು.

ಅವಳು ಮತ್ತೆ ಬರಲಿಲ್ಲ. ತೀರಿಕೊಂಡ ಸುದ್ದಿ ತಿಂಗಳಾದ ಮೇಲೆ ಬಂತು. ರಸ್ತೆ ಅಗಲ ಮಾಡುವಾಗ ಬಾವಿ ಮುಚ್ಚಿದರು, ಕೊಟ್ಟಿಗೆ ಹೋಯಿತು, ಆಮೇಲೆ ಮನೆಯೂ ಹೋಯಿತು. ಆ ಹಸಿರು ಬಳೆಯ ಚೂರುಗಳು ಡಾಂಬರಿನ ಕೆಳಗೆ ಎಲ್ಲೋ ಇರಬೇಕು. ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಹೋಗುವಾಗ ನಾನು ಕಣ್ಣು ಮುಚ್ಚಿಕೊಳ್ಳುವುದು ನಿದ್ದೆ ಬಂದು ಅಲ್ಲ.

ಮನೆಗೆ ಯಾರೇ ಬರಲಿ, ಪಾರ್ಸೆಲ್ ತರುವ ಹುಡುಗನೇ ಬರಲಿ, ನಾನು ನೀರಿನ ಲೋಟವನ್ನು ಟೀಪಾಯಿಯ ಮೇಲೆ ಇಡುವುದಿಲ್ಲ, ಅವರ ಕೈಗೇ ಕೊಡುತ್ತೇನೆ, ಬೆರಳು ತಾಗುವವರೆಗೆ ಬಿಡುವುದಿಲ್ಲ ಎಂದು ನೀವು ನಗುತ್ತೀರಿ. ನಗಿ ಮಕ್ಕಳೇ, ಬೇಡ ಅನ್ನುವುದಿಲ್ಲ. ಎಷ್ಟೋ ಬೆರಳು ತಾಗಿವೆ ಈ ವರ್ಷಗಳಲ್ಲಿ. ಅವು ಯಾವುವೂ ಅವಳ ಬೆರಳಲ್ಲ.